ಅಕ್ಕನ ಮುಂದಿನ ಗೆರೆ

ಕಿಟಕಿಯ ಗಾಜಿನ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೆಳಗೆ ಬೀದಿದೀಪಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿವೆ. ಮೂರನೇ ಮಹಡಿಯ ಕಚೇರಿಯಲ್ಲಿ, ಕಂಪ್ಯೂಟರಿನ ನೀಲಿ ಬೆಳಕಿಗೆ ಮುಖವೊಡ್ಡಿ ಕೂತ ಹೆಂಗಸೊಬ್ಬರು ಹೆಸರುಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಾರೆ. ಯಾರು ಯಾರೋ ಕನಸು ಕಂಡು ಕಳಿಸಿದ ಹೆಸರುಗಳು: ಇನ್ನೂ ಬಾಗಿಲು ತೆರೆಯದ ಬೇಕರಿ, ಇನ್ನೂ ಹುಟ್ಟದ ಪತ್ರಿಕೆ, ಒಂದೇ ಒಂದು ದೋಣಿಯಿರುವ ಹಡಗು ಕಂಪನಿ.

ಅಂತರ್ಜಾಲದಲ್ಲಿ ವಿಳಾಸ ಬೇಕೆಂದವರು ಕೇಳಿದ ಹೆಸರು ನಿಯಮಕ್ಕೆ ಹೊಂದದಿದ್ದರೆ ಯಂತ್ರ ಹೊರಗೆ ದಬ್ಬುತ್ತದೆ. ಹಾಗೆ ದಬ್ಬಿಸಿಕೊಂಡವೆಲ್ಲ ಬಂದು ಬೀಳುವುದು ಇವರ ಮಡಿಲಿಗೆ. ಕಚೇರಿಗೆಲ್ಲ ಇವರು 'ಜರಡಿಯಕ್ಕ'.

"ಅಕ್ಷರ, ಅಂಕಿ, ಬೇಕಾದ್ರೆ ನಡುವೆ ಒಂದು ಅಡ್ಡಗೆರೆ. ಆ ಗೆರೆ ಮೊದಲಲ್ಲೂ ಬರಬಾರದು, ಕೊನೇಲೂ ಬರಬಾರದು. ಎಲ್ಲಾ ಕಡೆಗೂ ಇದೇ ಲೆಕ್ಕ. ಇಲ್ಲಿ ತೆರೆಯೋ ಬಾಗಿಲು ಸಮುದ್ರದಾಚೆನೂ ತೆರೀಬೇಕಲ್ಲ?" ಎನ್ನುತ್ತಾರೆ ಅವರು.

ಮೊದಲು ಅವರು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಅದು ಮುಚ್ಚಿದಾಗ ಬಸ್ ಓಡಿಸುವ ಗಂಡನ ಬೆನ್ನುನೋವೂ ಹೆಚ್ಚಿತ್ತು. ಸಿಕ್ಕಿದ ಕೆಲಸಕ್ಕೆ ಕೈಹಾಕಿದರು. ಈಗ ಸಂಜೆಯಾದರೆ ಕಣ್ಣು ಉರಿ. ಸೊಸೆಯ ಉದ್ಯೋಗ ಅತ್ತೆಗೆ ಇವತ್ತಿಗೂ ತಮಾಷೆ. "ಕಂಡೋರಿಗೆಲ್ಲ ಹೆಸರಿಡ್ತಾಳೆ. ಅದಕ್ಕೆ ಸಂಬಳ ಬೇರೆ!"

ಕಳೆದ ಚಳಿಗಾಲದಲ್ಲಿ ಒಂದು ಹೆಸರು ಬಂತು: 'ಅಕ್ಕ-'. ಅಷ್ಟೇ. ಕಳಿಸಿದವರು ಒಬ್ಬ ದರ್ಜಿ ಹೆಂಗಸು. ಜರಡಿಯಕ್ಕ ಫೋನ್ ಮಾಡಿದರು.

"ಗೆರೆ ಕೊನೇಲಿ ನಿಲ್ಲಲ್ಲಮ್ಮ. ತೆಗೆದುಬಿಡ್ಲಾ?"

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಂಗಡಿಯ ಫಲಕದಲ್ಲಿ ಮೊದಲು 'ಅಕ್ಕ-ತಂಗಿ' ಎಂದಿತ್ತಂತೆ. ಮಾತಿಗೆ ಮಾತು ಬೆಳೆದು ತಂಗಿ ಮನೆ ಬಿಟ್ಟ ದಿನ ಅಕ್ಕನಾದ ಈ ದರ್ಜಿ ಸಿಟ್ಟಿನಲ್ಲಿ ಅವಳ ಅರ್ಧಕ್ಕೆ ಬಣ್ಣ ಬಳಿದಿದ್ದರು. ಗೆರೆಯ ಮೇಲೆ ಮಾತ್ರ ಕುಂಚ ಆಡಲಿಲ್ಲ.

"ತೆಗೀಬೇಡಿ," ಅಂದರು ದರ್ಜಿ. "ಗೆರೆನೂ ಹೋದ್ರೆ ಅವಳು ಬಂದು ಎಲ್ಲಿ ನಿಲ್ತಾಳೆ?"

ಜರಡಿಯಕ್ಕ ನಿಯಮ ಮುರಿಯುವಂತಿಲ್ಲ, ಮನಸ್ಸು ಮುರಿಯುವುದಂತೂ ಬೇಡ. "ಹಾಗಿದ್ರೆ ಗೆರೆಯ ಆಚೆ ಕಡೆನೂ ಏನಾದ್ರೂ ಬರೀಬೇಕಮ್ಮ. ಯೋಚನೆ ಮಾಡಿ. ನಾನು ಕಾಯ್ತೀನಿ."

ದಿನಗಳು ಉರುಳಿದವು, ಸುದ್ದಿಯಿಲ್ಲ. ಆಮೇಲೊಂದು ಮುಂಜಾನೆ, ಆಕಾಶ ಬೂದಿಯಿಂದ ಗುಲಾಬಿಗೆ ತಿರುಗುವ ಹೊತ್ತಿನಲ್ಲಿ, 'ಅಕ್ಕ-ತಂಗಿ' ತೆರೆಯ ಮೇಲೆ ತೇಲಿ ಬಂತು. ಅವರು ಒಪ್ಪಿಗೆಯ ಗುಂಡಿ ಒತ್ತಿದರು.

ಬೇಸಿಗೆ ಕಾಲಿಡುವಾಗ ದರ್ಜಿಯೇ ಫೋನ್ ಮಾಡಿದರು. ದೂರದ ಊರಿನಲ್ಲಿದ್ದ ತಂಗಿ ಹಳೇ ಅಂಗಡಿಯ ಹೆಸರನ್ನು ಸುಮ್ಮನೆ ಹುಡುಕಿ ನೋಡಿದಳಂತೆ. ತನ್ನರ್ಧ ಅಲ್ಲೇ ಇದ್ದದ್ದು ಕಂಡು ಗಂಟುಮೂಟೆ ಕಟ್ಟಿದಳಂತೆ.

"ಬಂದಿದಾಳೆ ಕಣಮ್ಮ. ಜಗಳ ಇನ್ನೂ ಮುಗಿದಿಲ್ಲ. ಗುಂಡಿ ಹಚ್ಚುತ್ತಾ ಆಡ್ತಾ ಇದೀವಿ."

ಇದನ್ನು ಹೇಳುವಾಗ ಜರಡಿಯಕ್ಕ ನಗುತ್ತಾರೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಕನ್ನಡಕ ಮತ್ತೆ ಏರಿಸಿಕೊಳ್ಳುತ್ತಾರೆ.

"ಒಂದ್ಸಲ ಆ ಅಂಗಡಿಗೆ ಹೋಗಿ ರವಿಕೆಗೆ ಅಳತೆ ಕೊಡ್ಬೇಕು. ನಾನು ಯಾರು ಅಂತ ಹೇಳಲ್ಲ. ಅಕ್ಕ ಅಳತೆ ಹಿಡೀತಾ, ತಂಗಿ ಬರ್ಕೊಳ್ತಾ ಇದ್ರೆ, ಮಧ್ಯೆ ಸುಮ್ನೆ ನಿಂತಿರ್ಬೇಕು."