ಮೊಣಕಾಲು ತಗುಲಿದಾಗ

ಬಸವಕಲ್ಯಾಣದಲ್ಲಿ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೂ ಮನೆಯಲ್ಲಿ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಹುಮನಾಬಾದಿನ ಕಾಲೇಜೊಂದು ಸಿಪಿಆರ್ ಕಲಿಸಲು ಕರೆದದ್ದೇ ತಡ, ರಬ್ಬರ್ ಬೊಂಬೆಯನ್ನು ಚೀಲಕ್ಕೆ ತುರುಕಿಕೊಂಡು ಬಸ್ ಹತ್ತಿದೆ. ಹೃದಯ ನಿಂತವರ ಎದೆಯನ್ನು ಬಿಡದೆ ಒತ್ತುತ್ತ ಜೀವ ಹಿಡಿದಿಡುವ ವಿದ್ಯೆ ಅದು. ಎದುರಿಗಿದ್ದವರು ಬಿ.ಎ. ಓದುವ ಮಕ್ಕಳು.

"ಯಾರರೆ ದಪ್ಪಂತ ಬಿದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಉಳ್ಳಾಗಡ್ಡಿ ಮೂಸಸ್ತೀವ್ರಿ!"

"ಉಳ್ಳಾಗಡ್ಡಿ ಪಲ್ಯಾಕ ಹಾಕ್ರಿ. ಬಿದ್ದವರ ಎದಿ ಒತ್ರಿ."

ಚಾಪೆಯ ಮೇಲೆ ಬೊಂಬೆ ಮಲಗಿಸಿ ಒಬ್ಬೊಬ್ಬರನ್ನೇ ಕೂರಿಸಿದರೆ ಹೊಸ ತಕರಾರು. ಮೊಣಕಾಲು ಬೊಂಬೆಗೆ ತಗುಲಿದ ಕೂಡಲೇ ಒತ್ತುವುದನ್ನು ಬಿಟ್ಟು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು! ದುಬಲಗುಂಡಿಯಿಂದ ಬರುತ್ತಿದ್ದ ಒಬ್ಬ ಸಣಕಲು ಹುಡುಗಿಯಂತೂ ಒತ್ತಿದ್ದಕ್ಕಿಂತ ಕೈ ಮುಗಿದದ್ದೇ ಹೆಚ್ಚು. ನನಗೆ ಪಿತ್ತ ನೆತ್ತಿಗೇರಿತು.

"ಏ ತಂಗಿ, ಅಂವ ರಬ್ಬರಿನಾಂವ, ಸಿಟ್ಟಾಗಂಗಿಲ್ಲ!"

"ರೂಢಿ ಅದರಿ ಮೇಡಂ, ಕೈ ತಾನೇ ಹೋಗ್ತದ."

"ನಿನ್ನ ನಮಸ್ಕಾರ ಮುಗಿಯೂದ್ರಾಗ ಅಂವ ಕೈಲಾಸ ಸೇರಿರ್ತಾನ. ಮೊದಲ ಬದುಕಿಸು, ಮಾಫಿ ಆಮ್ಯಾಲ ಕೇಳು!"

ಎಲ್ಲರೂ ನಕ್ಕರು. ಅವಳು ತುಟಿ ಕಚ್ಚಿಕೊಂಡು ಮತ್ತೆ ಒತ್ತತೊಡಗಿದಳು.

ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಅದೇ ಹುಡುಗಿಯ ಫೋನು ಬಂತು. ಕೂಲಿ ಮಾಡುವ ಅವಳ ಅಪ್ಪ, ಹುಮನಾಬಾದಿನಲ್ಲಿ ಅವಳ ಜೊತೆ ಊರಿನ ಬಸ್ಸಿಗೆ ಕಾಯುತ್ತಿದ್ದವನು, ನಿಂತಲ್ಲೇ ಕುಸಿದುಬಿದ್ದಿದ್ದ. ಉಸಿರಿರಲಿಲ್ಲ. ಪಕ್ಕದವನಿಗೆ ೧೦೮ಕ್ಕೆ ಫೋನ್ ಮಾಡಲು ಹೇಳಿ, ಇವಳು ನೆಲಕ್ಕೆ ಮಂಡಿಯೂರಿ ಒತ್ತಲು ಶುರುಮಾಡಿದಳಂತೆ. ಒಬ್ಬರು ಉಳ್ಳಾಗಡ್ಡಿ ಜಜ್ಜಿ ತಂದರು. ಇನ್ನೊಬ್ಬರು, "ಹೆತ್ತ ಅಪ್ಪಗ ಮೊಣಕಾಲ ಹಚ್ಚಿ ಗುದ್ದಾಕತ್ತಾಳ, ಮಗಳೋ ಹಗೆಯೋ!" ಎಂದು ಬೈದರು. ಅವಳು ಕೈ ತೆಗೆಯಲಿಲ್ಲ. ಆಂಬ್ಯುಲೆನ್ಸಿನವರು ಬಂದು ಶಾಕ್ ಕೊಟ್ಟ ಮೇಲೆ ಹೃದಯ ಮತ್ತೆ ಬಡಿಯತೊಡಗಿತು, ಆದರೆ ಆಸ್ಪತ್ರೆ ಸೇರಿದ ಅಪ್ಪ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಮೊಣಕಾಲು ತಗುಲಾಕತ್ತಿತ್ರಿ ಮೇಡಂ, ನಾ ನಮಸ್ಕಾರ ಮಾಡ್ಲಿಲ್ಲ. ಪಕ್ಕೆಲುಬು ಟಕ್ ಅಂತು, ಆದ್ರೂ ಬಿಡ್ಲಿಲ್ಲ. ಅಪ್ಪ ಏಳದಿದ್ರ ನನಗ ಪಾಪ ಬರ್ತದೇನ್ರಿ?"

"ಪಾಪ ಇದ್ರ ನನಗಿರ್ಲಿ, ಕಲಿಸಿದಾಕಿ ನಾ," ಎಂದೆ. ಫೋನಿಟ್ಟು ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದೆ. ದೇವರೇ, ಈ ಕೂಸಿನ ಕೈ ಸೋಲಬಾರದು ಎಂದು ಗೋಡೆ ನೋಡುತ್ತ ಕೂತೆ.

ತಿಂಗಳ ಮೇಲೆ ಮತ್ತೆ ಆ ಕಾಲೇಜಿಗೆ ಹೋದಾಗ ಬೊಂಬೆಯನ್ನು ಇನ್ನೂ ಚೀಲದಿಂದ ತೆಗೆದಿರಲಿಲ್ಲ, ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಅವಳ ಹೆಗಲು ಹಿಡಿದು ನಿಧಾನವಾಗಿ ಬಂದವನನ್ನು ನೋಡಿ ಓಡಿಹೋಗಿ ಒಂದು ಕುರ್ಚಿ ಎಳೆದು ತಂದೆ.

"ನಿಮ್ಮ ಹುಡುಗಿ ಕೈ ಭಾಳ ಜೋರ ಅದರಿ," ಎಂದ ಅವಳಪ್ಪ, ಎದೆ ಸವರಿಕೊಳ್ಳುತ್ತ. "ಕೆಮ್ಮಿದ್ರ ಇನ್ನಾ ನೋಯ್ತದ."

ಅವನನ್ನು ಕುರ್ಚಿಯಲ್ಲಿ ಕೂರಿಸಿದೆ. ಹುಡುಗಿ ಅವನ ಮುಂದೆ ಮಂಡಿಯೂರಿದಳು. ಅಂದು ಮೊಣಕಾಲು ತಗುಲಿದ್ದ ಪಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ಮುಟ್ಟಿದಳು, ಮತ್ತೆ ಒತ್ತಿಕೊಂಡಳು. ಆಮೇಲೆ ಗಾಬರಿಯಾಗಿ ನನ್ನತ್ತ ನೋಡಿದಳು, ಎಲ್ಲಿ ಬೈಯುತ್ತೇನೋ ಎಂದು.

"ಸಾವಕಾಶ ಮಾಡವ್ವಾ," ಎಂದೆ, ಮೂಗು ಒರೆಸಿಕೊಳ್ಳುತ್ತ. "ಈಗೇನೂ ಅವಸರಿಲ್ಲ."