ಒಂದು ವಾರದ ಬಡತನ

ನಮ್ಮ ಮನೆಯವರಿಗೆ, ಅಂದರೆ ವಿರೂಪಾಕ್ಷ ಅವರಿಗೆ, ಎರಡು ಸಾವಿರ ವರ್ಷ ಹಳೆಯ ಗ್ರೀಕ್-ರೋಮನ್ ಸ್ಟೋಯಿಕ್ ತತ್ವಜ್ಞಾನದ ಹುಚ್ಚು ಹಿಡಿದು ನನಗೆ ತಲೆಚಿಟ್ಟು ಹಿಡಿದಿದೆ. ಮೂಲ ಗ್ರಂಥ ಕಿರುಬೆರಳಿನಷ್ಟು ದಪ್ಪ. ಇಂದಿರಾನಗರದಿಂದ ತಂದ ಅದರ ಹೊಸ ವ್ಯಾಖ್ಯಾನ ಇಟ್ಟಿಗೆಯಷ್ಟು. ಮೂಲದಲ್ಲಿ ಎರಡು ಸಾಲು ಓದುತ್ತಾರೆ, ವ್ಯಾಖ್ಯಾನದ ಇಪ್ಪತ್ತು ಪುಟ ನನ್ನ ಕಿವಿಗೆ ತುಂಬುತ್ತಾರೆ. ನೀರಿನ ಟ್ಯಾಂಕರ್ ಬರಲಿಲ್ಲವೆಂದರೆ, "ಅದು ನಮ್ ಕೈಯಲ್ಲಿಲ್ಲ, ಕೊರಗಬಾರ್ದು, ರುದ್ರಾಣಿ" ಅನ್ನುತ್ತಾರೆ. ಫೋನ್ ಮಾಡುವುದು ಕೈಯಲ್ಲಿದೆಯಲ್ಲ! ಅದನ್ನೂ ನಾನೇ ಮಾಡಬೇಕು.

ಕಳೆದ ಸೋಮವಾರದಿಂದ ಹೊಸ ಪಾಠ. ಬಡತನದ ಭಯ ಹೋಗಬೇಕಾದರೆ ಆಗಾಗ ಬಡವರಂತೆ ಬದುಕಿ ನೋಡಬೇಕಂತೆ. ಗೀಸರ್ ಬಂದ್. ಮಂಚ ಬಿಟ್ಟು ಚಾಪೆ. ಕಾರು ಬಿಟ್ಟು ಸಿ.ವಿ. ರಾಮನ್ ನಗರದಿಂದ ಕೆ.ಆರ್. ಪುರದ ಆಫೀಸಿಗೆ ಬಸ್ಸು. ಸಂಜೆ ಸೊಂಟ ಹಿಡಿದುಕೊಂಡು ಬಂದವರಿಗೆ ಮುಲಾಮು ತಿಕ್ಕುವವಳು ನಾನು. ತತ್ವಜ್ಞಾನ ಅವರದು, ಚಾಕರಿ ನನ್ನದು.

ಅದನ್ನೂ ಸಹಿಸಿದೆ. ಆದರೆ ಆ ಸೋಮವಾರ ಸಂಜೆ ಊಟಕ್ಕೆ ಕೂತವರೇ, "ಈ ವಾರ ನಂಗೆ ಬರೀ ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಸಾಕು. ಬಡವರ ಊಟ ಮಾಡ್ಬೇಕು" ಅಂದುಬಿಟ್ಟರು.

ಗ್ಯಾಸ್ ಕಟ್ಟೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವರು ಅವರ ತಾಯಿ ಅಣ್ಣಮ್ಮ. ಗಂಡ ಸತ್ತ ಮೇಲೆ ಕೊಪ್ಪಳದಲ್ಲಿ ಕೂಲಿ ಮಾಡಿ, ಇದೇ ರೊಟ್ಟಿ ಮೆಣಸಿನಕಾಯಿಯಲ್ಲೇ ಈ ಮಗನನ್ನು ಸಾಕಿದವರು. ನಮ್ಮ ಮನೆಯಲ್ಲಿ ಅವರು ತಮ್ಮದು ಅಂದುಕೊಂಡಿರುವ ಕೆಲಸ ಅದೊಂದೇ. ಈ ಮಾತಿಗೆ ನೊಂದು ಇನ್ನು ಅವರು ಹಂಚು ಮುಟ್ಟುವುದೇ ಇಲ್ಲ ಅಂದುಕೊಂಡೆ.

ಅತ್ತೆಯ ಕೈ ನಿಂತಿತು. "ಎಷ್ಟ್ ದಿನಾನೋ ಇದು?"

"ಒಂದ್ ವಾರ, ಅವ್ವಾ."

"ಆಮ್ಯಾಲ?"

"ಆಮೇಲೆ ಮಾಮೂಲಿ ಊಟ."

"ಚಲೋ ಆತು. ನಮಗ ಯಾವಾಗ ಮುಗೀತದಂತ ಯಾರೂ ಹೇಳಿದ್ದಿಲ್ಲ ನೋಡು."

ಸ್ಟೋಯಿಕ್ ಮಹಾಶಯರ ಮುಖ ಸಪ್ಪಗಾಯಿತು. ಇದು ವ್ಯಾಖ್ಯಾನದ ಯಾವ ಪುಟದಲ್ಲೂ ಇರಲಿಲ್ಲವೇನೋ. ನನಗೆ ಕೋಪ, ಕನಿಕರ ಎರಡೂ ಒಟ್ಟಿಗೇ ಬಂದವು. "ಸುಮ್ನ ಉಣ್ರಿ" ಎಂದು ಗದರಿದೆ.

ಅತ್ತೆ ಬಿಸಿ ರೊಟ್ಟಿಯನ್ನು ಮಗನ ತಟ್ಟೆಗೆ ಹಾಕಿ, ಚಮಚದ ತುಂಬ ಬೆಣ್ಣೆ ತೆಗೆದರು.

"ಬೇಡವ್ವಾ, ಬೆಣ್ಣೆ ಹಾಕಿದ್ರೆ ಬಡವರ ಊಟ ಆಗಲ್ಲ" ಎಂದು ಇವರು ಕೈ ಅಡ್ಡ ಹಿಡಿದರು.

ಅತ್ತೆ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

"ತಿನ್ನು. ಆವಾಗ ನೀ ಬೆಣ್ಣಿ ಬೇಕಂತ ಅಳ್ತಿದ್ದಿ. ನನ್ನ ಹತ್ರ ಇದ್ದಿದ್ದಿಲ್ಲ."