ಕಟ್ಟೆಯ ಮೇಲಿನ ಹನ್ನೊಂದು ಕುಂಡಗಳು

ನಮ್ಮ ಮನೆಯ ಮುಂದೆ ಒಂದು ಕಟ್ಟೆಯಿದೆ. ಶಹಾಪುರದ ಹಳೆಯ ಓಣಿಗಳಲ್ಲಿ ಕಟ್ಟೆಯಿಲ್ಲದ ಮನೆಯನ್ನು ಹುಡುಕಬೇಕು, ಹಾಗಾಗಿ ಇದೊಂದು ವಿಶೇಷವೆಂದು ನಿಮ್ಮ ಮುಂದೆ ಹೇಳಿಕೊಳ್ಳಲು ನನಗೇ ಸಂಕೋಚ. ನಾಲ್ಕು ಪರ್ಸಿಕಲ್ಲಿನ ಚಪ್ಪಡಿ ಹಾಸಿದ, ಮೊಣಕಾಲೆತ್ತರದ, ಜನ ಕೂತು ಕೂತು ನುಣುಪಾದ ಕಟ್ಟೆ. ಮನೆ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ಅದು ಕಾದು ಸುಡುತ್ತದೆ. ಹೊತ್ತು ಇಳಿದು ಮನೆಯ ನೆರಳು ಬಿದ್ದ ಮೇಲೆ ಒಂದು ಕೊಡ ನೀರು ಚಿಮುಕಿಸಿದರೆ ಸಾಕು, ಇಡೀ ಓಣಿಯಲ್ಲಿ ಅದಕ್ಕಿಂತ ತಂಪಾದ ಜಾಗ ಇನ್ನೊಂದಿಲ್ಲ. ಈ ಸಂಗತಿ ನನ್ನೊಬ್ಬನನ್ನು ಬಿಟ್ಟು ಓಣಿಯವರಿಗೆಲ್ಲ ಗೊತ್ತಿತ್ತು. ಮೂವತ್ತು ವರ್ಷ ಗಣಿತದ ಮಾಸ್ತರನಾಗಿದ್ದ ನಾನು ಸಂಜೆಯಾದರೆ ಟ್ಯೂಷನ್ನಿನಲ್ಲಿರುತ್ತಿದ್ದೆ. ನನ್ನದೇ ಬಾಗಿಲ ಮುಂದೆ ಆ ಹೊತ್ತಿನಲ್ಲಿ ಏನು ನಡೆಯುತ್ತದೆಂಬುದು ನಿವೃತ್ತನಾದ ಮೇಲೆಯೇ ತಿಳಿದದ್ದು.

ನಿವೃತ್ತಿಯೆಂದರೆ ಮನುಷ್ಯನಿಗೆ ತನ್ನ ಮನೆ ಮೊದಲ ಸಲ ಹಗಲು ಹೊತ್ತಿನಲ್ಲಿ ಕಾಣಿಸುವ ಕಾಲ. ಕಂಡದ್ದು ಚೆನ್ನಾಗಿರಲಿಲ್ಲ. ಗೋಡೆಯ ಸುಣ್ಣ ಹಪ್ಪಳದಂತೆ ಎದ್ದಿತ್ತು, ಕಿಟಕಿಯ ಬಣ್ಣ ಯಾವುದಿತ್ತೆಂದು ಕಿಟಕಿಗೇ ಮರೆತಿತ್ತು. ಇದೇ ಸಮಯಕ್ಕೆ ಕೈಗೆ ಬಂದ ಹೊಸ ಫೋನು, ಮನೆಗೆ ಹೊಸ ಕಳೆ ತರುವ ಉಪಾಯಗಳನ್ನು ಒಂದರ ಹಿಂದೊಂದು ತೋರಿಸತೊಡಗಿತು. ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಬಳಿಯಿರಿ ಎಂದಿತು. ಪಡಸಾಲೆಯ ಗೋಡೆಗೆ ಕಡುಹಸಿರು ಬಳಿಸಿದೆ. ನನ್ನ ಹೆಂಡತಿ ಮಹಾದೇವಿ ಅದನ್ನು ನೋಡಿ, "ಬ್ಯಾಂಕಿನ್ಯಾಗ ಪಾಳಿ ಹಚ್ಚಿ ಕುಂತಂಗ ಆಗ್ತದ" ಎಂದಳು. ದೊಡ್ಡ ಕನ್ನಡಿಯಿಟ್ಟರೆ ಕೋಣೆ ಎರಡರಷ್ಟು ಕಾಣುತ್ತದೆಂದು ಹೇಳಿತು. ಕಂಡಿತು, ಆದರೆ ನನ್ನನ್ನು ಬೈಯುವ ಮಹಾದೇವಿಯೂ ಇಬ್ಬರಾಗಿ ಕಂಡಳು. ಇನ್ನೊಂದು ದಿನ, ವರ್ಷವಿಡೀ ಉಪಯೋಗಕ್ಕೆ ಬಾರದ ವಸ್ತುಗಳನ್ನು ಮುಲಾಜಿಲ್ಲದೆ ಹೊರಗೆ ಹಾಕಿ ಎಂಬ ಉಪದೇಶವನ್ನು ನಾನು ಉತ್ಸಾಹದಿಂದ ಗಟ್ಟಿಯಾಗಿ ಓದಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ರಿಟೈರ್ ಆಗಿ ಮೊನ್ನಿಗೆ ಒಂದು ವರ್ಷ ಆತು ನೋಡ್ರಿ" ಎಂದಳು. ಆ ಉಪಾಯವನ್ನು ಅಲ್ಲಿಗೇ ಬಿಟ್ಟೆವು.

ಒಳಗಿನ ಸುಧಾರಣೆಗೆ ಇಷ್ಟು ವಿರೋಧ ಬಂದಾಗ ನನ್ನ ದೃಷ್ಟಿ ಸಹಜವಾಗಿಯೇ ಹೊರಗಿನ ಕಟ್ಟೆಯ ಮೇಲೆ ಬಿತ್ತು. ಅಲ್ಲಿ ಸಂಜೆ ಐದಕ್ಕೆ ಸರಿಯಾಗಿ ಸಭೆ ಸೇರುತ್ತಿತ್ತು. ಅಧ್ಯಕ್ಷೆ ಎದುರುಮನೆಯ ಸಾಬಮ್ಮ, ಹೊಲದ ಕೂಲಿಯಿಂದ ಬಂದು ಕೈಕಾಲು ತೊಳೆದವಳೇ ನೇರ ನಮ್ಮ ಕಟ್ಟೆಗೆ ಬರುವವಳು. ಅವಳದು ತಗಡಿನ ಮನೆ; ಬೇಸಿಗೆಯಲ್ಲಿ ಕತ್ತಲಾಗುವವರೆಗೆ ಅದರೊಳಗೆ ಕಾಲಿಡುವಂತಿಲ್ಲ. ದಿನವೆಲ್ಲ ಬಿಸಿಲಿನಲ್ಲಿ ಬಾಗಿ ದುಡಿದ ಬೆನ್ನಿಗೆ ಸಿಗುವ ತಂಪೆಂದರೆ ಈ ಕಟ್ಟೆಯ ಎರಡು ತಾಸು. ಅವಳ ಪಕ್ಕದಲ್ಲಿ ಬಸ್ ಕಂಡಕ್ಟರಾಗಿ ನಿವೃತ್ತನಾದ ಬಸಣ್ಣ, ಮತ್ತೆ ಮೂರು ಮಂದಿ. ಸುರಪುರದ ಸಂತೆಯಲ್ಲಿ ಮೆಣಸಿನಕಾಯಿ ಹೇಗಿತ್ತು ಎಂಬಲ್ಲಿಂದ ಹಿಡಿದು ನಮ್ಮ ಪಡಸಾಲೆಯ ಹಸಿರು ಬಣ್ಣದವರೆಗೆ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿತ್ತು, ಅದೂ ಚಲಿಸುವ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೇಳಿಸುವ ದನಿಯಲ್ಲಿ. ಒಳಗೆ ಮಲಗಿದ ನನಗೆ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ.

ಹಾಗಾದರೆ ಎದ್ದು ಹೋಗಿರೆಂದು ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನೀವು ನಮ್ಮ ಕಡೆಯವರಲ್ಲವೆಂದು ಅಲ್ಲಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ಮನೆ ಯಾರದಾದರೂ ಆಗಿರಲಿ, ಕಟ್ಟೆ ಕೂತವರದು. ಕಟ್ಟೆಯ ಮೇಲೆ ಕೂತವರನ್ನು ಏಳಿ ಎಂದ ಮನುಷ್ಯನ ಬಗ್ಗೆ ವಡಗೇರಾದವರೆಗೂ ಮಾತಾಡಿಕೊಳ್ಳುತ್ತಾರೆ, ನಾಳೆ ಅವನ ಮನೆಯ ಶುಭಕಾರ್ಯಕ್ಕೆ ಜನ ಬಂದರೂ ಉಂಡ ಕೂಡಲೇ ಎದ್ದು ಹೋಗುತ್ತಾರೆ. ಹೀಗೆ ಬಾಯಿ ಕಟ್ಟಿಹೋಗಿದ್ದ ನನಗೆ ಫೋನೇ ದಾರಿ ತೋರಿಸಿತು: ಮನೆಯ ಮುಂಭಾಗದಲ್ಲಿ ಹೂವಿನ ಕುಂಡಗಳನ್ನು ಸಾಲಾಗಿ ಇಡಿ. ನಾನು ಹೇಳಲಾಗದ್ದನ್ನು ಗಿಡಗಳು ಹೇಳುತ್ತವೆ ಎಂದುಕೊಂಡು ಯಾದಗಿರಿಯ ಒಂದು ನರ್ಸರಿಯಿಂದ ಗುಲಾಬಿ, ದಾಸವಾಳ, ಮಲ್ಲಿಗೆ, ಕಣಗಿಲೆ ಎಂದು ಹನ್ನೊಂದು ಕುಂಡಗಳನ್ನು ತಂದು ಕಟ್ಟೆಯ ಉದ್ದಕ್ಕೂ ಜೋಡಿಸಿದೆ.

ಅಂದು ಸಂಜೆ ಐದಕ್ಕೆ ಸಭೆಯವರು ಬಂದು ಒಂದು ಕ್ಷಣ ನಿಂತದ್ದನ್ನು ಕಿಟಕಿಯ ಸಂದಿನಿಂದ ನೋಡಿ ನನ್ನ ಎದೆ ಹಿಗ್ಗಿತು. ಆಮೇಲೆ ಬಸಣ್ಣ ಒಂದು ಗುಲಾಬಿಯ ಕುಂಡವನ್ನು ಎತ್ತಿ, ಅದರ ಜಾಗದಲ್ಲಿ ತಾನು ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡ. ಉಳಿದವರೂ ಹಾಗೆಯೇ ಮಾಡಿದರು. ಐದು ಮಂದಿ ಐದು ಕುಂಡಗಳನ್ನು ಮಗುವಿನಂತೆ ಅಪ್ಪಿಕೊಂಡು ಮಾತಿಗೆ ಕೂತರು. ನಾನು ಹೊರಗೆ ಬಂದಾಗ ಬಸಣ್ಣ, "ಭಾಳ ಛಲೋ ಕೆಲಸ ಮಾಡೀರಿ ಸರ. ಗಿಡಕ್ಕ ತ್ರಾಸ ಆಗಬಾರ್ದಂತ ಹಿಡಕೊಂಡೀವಿ" ಎಂದ. ದಾಸವಾಳದ ಎಲೆಗಳ ಹಿಂದಿನಿಂದ ಸಾಬಮ್ಮನ ದನಿ, "ಚಾ ಕುಡಿಯಾಕ ಒಂದೀಟು ಅಡ್ಡಿ ಆಗ್ತದ, ಇಲ್ಲಾಂದ್ರ ಆರಾಮ ಅದ" ಎಂದಿತು. ಚಹಾ ಕೊಟ್ಟವಳು ನನ್ನ ಹೆಂಡತಿಯೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸೋಲೊಪ್ಪುವುದು ಗಣಿತದವರ ಜಾಯಮಾನವಲ್ಲ. ತುಳಸಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಸುದ್ದಿ ಮಾತಾಡುವ ಧೈರ್ಯ ಯಾರಿಗೂ ಇರದೆಂದು ಲೆಕ್ಕ ಹಾಕಿ ನಟ್ಟನಡುವೆ ಒಂದು ತುಳಸಿಯ ಕುಂಡವಿಟ್ಟೆ. ಮರುದಿನ ಮುಂಜಾನೆ ಹಿಂದಿನ ಓಣಿಯ ಹೆಂಗಸರು ದೀಪ ಹಿಡಿದು ಬಂದರು; ಅಲ್ಲಿಯವರೆಗೆ ಸಂಜೆ ಮಾತ್ರ ಇದ್ದ ಗದ್ದಲ ಬೆಳಗಿಗೂ ಹಬ್ಬಿತು. ತುಳಸಿಯನ್ನು ಹಿತ್ತಲಿಗೆ ಸಾಗಿಸಿ, ಕೊನೆಯ ಉಪಾಯವಾಗಿ ಹನ್ನೊಂದು ಗಿಡಗಳನ್ನೂ ಒಬ್ಬರಿಂದ ಎತ್ತಲಾಗದ ಸಿಮೆಂಟಿನ ಕುಂಡಗಳಿಗೆ ಬದಲಾಯಿಸಿದೆ. ಈ ಸಲ ಲೆಕ್ಕ ತಪ್ಪಲಿಲ್ಲ. ಸಭೆಯವರು ಬಂದರು, ನಿಂತರು, ಒಬ್ಬರ ಮುಖ ಒಬ್ಬರು ನೋಡಿದರು, ಹೋದರು. ಸಾಬಮ್ಮ ತನ್ನ ತಗಡಿನ ಮನೆಯ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು.

ನಾನು ಗೆದ್ದಿದ್ದೆ. ಬಯಸಿದ ನಿಶ್ಶಬ್ದ ಸಿಕ್ಕಿತ್ತು, ಮನೆಯ ಮುಂಭಾಗ ಫೋನಿನ ಚಿತ್ರದಂತೆಯೇ ಕಾಣುತ್ತಿತ್ತು, ಆದರೆ ನಿದ್ದೆ ಬರುವ ಬದಲು ಕಿಟಕಿಯತ್ತ ಮತ್ತೆ ಮತ್ತೆ ಕಣ್ಣು ಹೋಗುತ್ತಿತ್ತು. ಆ ಸೆರಗು ಅಲುಗುವುದನ್ನು ನೋಡಲು ನನಗಾಗುತ್ತಿರಲಿಲ್ಲ. ಬಂದು ಕೂತುಕೋ ಎನ್ನೋಣವೆಂದರೆ ಕೂರುವುದಕ್ಕೆ ನಾನು ಜಾಗವನ್ನೇ ಉಳಿಸಿರಲಿಲ್ಲ. ಐದನೆಯ ದಿನ ಮಹಾದೇವಿ, "ಮನಿ ಭಾಳ ಚಂದ ಆಗ್ಯಾದ್ರಿ. ಯಾರೂ ಬರಂಗಿಲ್ಲ" ಎಂದಳು.

ಅಷ್ಟರಲ್ಲಿ ಗುರುಮಠಕಲ್ಲಿನ ನಂಟರ ಮದುವೆ ಬಂತು. ಎಂಟು ದಿನ, ಅದೂ ಮೇ ತಿಂಗಳಿನಲ್ಲಿ. ಗಿಡಕ್ಕೆ ನೀರು ಹಾಕುವವರು ಯಾರೆಂದು ಮಹಾದೇವಿ ಕೇಳಿದಳು. ಯಾರನ್ನು ಕೇಳಬೇಕೋ ಅವರನ್ನು ಕೇಳುವ ಮುಖ ನನಗಿರಲಿಲ್ಲ. ಮದುವೆಯ ಊಟದಲ್ಲೂ ಒಣಗಿದ ಗುಲಾಬಿ ಕಣ್ಣ ಮುಂದೆ ಬರುತ್ತಿತ್ತು. ಎಂಟನೆಯ ದಿನ ಸಂಜೆ ಆಟೊದಿಂದ ಇಳಿದು ನೋಡಿದರೆ ಕಟ್ಟೆಯ ಮೇಲೆ ಒಂದು ಕುಂಡವೂ ಇರಲಿಲ್ಲ. ಯಾರೋ ಹೊತ್ತುಕೊಂಡು ಹೋಗಿದ್ದಾರೆಂದು ಕೂಗಬೇಕೆನ್ನುವಷ್ಟರಲ್ಲಿ, ಮನೆಯ ಬದಿಯ ಬೇವಿನ ಮರದ ಕೆಳಗೆ ಹನ್ನೊಂದೂ ಸಾಲಾಗಿ, ಒದ್ದೆ ಮಣ್ಣಿನಲ್ಲಿ ಹಸಿರಾಗಿ ನಿಂತದ್ದು ಕಂಡಿತು. ಮಲ್ಲಿಗೆಯಲ್ಲಿ ಮೊಗ್ಗು ಬಂದಿತ್ತು. ಕಟ್ಟೆ ಗುಡಿಸಿ ಸ್ವಚ್ಛವಾಗಿತ್ತು, ಖಾಲಿಯಾಗಿತ್ತು. ಸಾಬಮ್ಮ ತನ್ನ ಹೊಸ್ತಿಲ ಮೇಲೆಯೇ ಇದ್ದಳು.

"ಬಸಣ್ಣ, ನಾನು, ಮತ್ತ ಇಬ್ರು ಕೂಡಿ ಇಳಿಸಿದ್ವಿ ಸರ" ಎಂದಳು ಅವಳು. "ಮುಂಜಾನಿ ಬಿಸಲಿಗೆ ಕಟ್ಟಿ ಮ್ಯಾಲೆ ಸುಟ್ಟು ಹೋಗ್ತಿದ್ವು."

"ನೀರು?"

"ನಮ್ಮ ಡ್ರಮ್ಮಿನಾಗಿಂದು ಹಾಕೀನಿ. ನಳ ಬಂದಾಗ ಮತ್ತ ತುಂಬ್ಕೊಂಡ್ರಾತು."

ನಮ್ಮ ಓಣಿಯಲ್ಲಿ ನಳದಲ್ಲಿ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ನಾನು, "ಕಟ್ಟೆ ಖಾಲಿ ಇತ್ತಲ್ಲ ಸಾಬಮ್ಮ, ಮತ್ತ ಇಲ್ಲೇ ಯಾಕ ಕುಂತಿ?" ಎಂದೆ.

"ಏಳ್ರಿ ಅಂದ ಮ್ಯಾಲೆ ಹೆಂಗ ಕೂಡೋದ್ರಿ ಸರ?"

"ನಾನು ಹಂಗ ಅಂದಿಲ್ಲಲ್ಲ."

"ಬಾಯಿ ಬಿಟ್ಟು ಅಂದಿದ್ರ ನಿಮ್ಮ ಜೋಡಿ ಜಗಳಾಡಿ ಕೂಡ್ತಿದ್ದೆ" ಎಂದಳು ಸಾಬಮ್ಮ. "ಪಾಪ, ಗಿಡದ ಜೋಡಿ ಹೆಂಗ ಜಗಳಾಡ್ಲಿ?"

ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ಅಂದು ಓಣಿಯ ನಡುವೆ ಬ್ಯಾಗು ಹಿಡಿದು ನಿಂತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಚಂದದ ಶಬ್ದ ಹುಡುಕುವ ಅಗತ್ಯವಿಲ್ಲ. "ತಪ್ಪಾತು ಸಾಬಮ್ಮ" ಎಂದೆ. ಅವಳು, "ಮೊದಲ ಒಳಗ ಹೋಗಿ ನೀರು ಕುಡೀರಿ, ಬಿಸಲಾಗ ಬಂದೀರಿ" ಎಂದಳು.

ಮನೆಯನ್ನು ಚಂದ ಮಾಡುವುದೆಂದರೇನು ಎಂದು ಆಮೇಲೆ ನಾನು ತುಂಬ ಯೋಚಿಸಿದೆ. ಫೋನಿನಲ್ಲಿ ತೋರಿಸುವ ಆ ಹೊಳೆಯುವ ಮನೆಗಳಲ್ಲಿ ಹೂವಿರುತ್ತದೆ, ಕುರ್ಚಿಯಿರುತ್ತದೆ, ಕುರ್ಚಿಯ ಮೇಲೆ ಮೆತ್ತೆಯೂ ಇರುತ್ತದೆ, ಅದರ ಮೇಲೆ ಕೂತ ಮನುಷ್ಯನನ್ನು ಮಾತ್ರ ನಾನು ಇವತ್ತಿನವರೆಗೆ ಕಂಡಿಲ್ಲ. ಹಾಗೆ ಬರಿದಾಗಿರುವುದನ್ನೇ ಅಚ್ಚುಕಟ್ಟು ಎಂದು ನಾನು ತಿಳಿದಿದ್ದೆ. ಗಿಡಕ್ಕೆ ನೆರಳು ಬೇಕೆಂದು ಗೊತ್ತಿದ್ದವಳಿಗೆ ನೆರಳಿಲ್ಲದಂತೆ ಮಾಡಿದ್ದು ನನ್ನ ತೋಟಗಾರಿಕೆ.

ಮರುದಿನ ಗೌಂಡಿಯನ್ನು ಕರೆಸಿದೆ. ಕಟ್ಟೆಗೆ ಇನ್ನೆರಡು ಪರ್ಸಿಕಲ್ಲು ಸೇರಿಸಿ ಉದ್ದ ಮಾಡಬೇಕು, ಮೇಲೊಂದು ಚಪ್ಪರ ಹಾಕಿ ಮಲ್ಲಿಗೆಯ ಬಳ್ಳಿ ಹಬ್ಬಿಸಬೇಕು ಎಂದು ವಿವರಿಸಿದೆ. ಅವನು ಟೇಪು ಹಿಡಿದು, ಒಟ್ಟು ಎಷ್ಟು ಮಂದಿ ಕೂಡುವಷ್ಟು ಬೇಕೆಂದು ಕೇಳಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಐದು ಎನ್ನುವಷ್ಟರಲ್ಲಿ ಎದುರಿನ ಹೊಸ್ತಿಲಿಂದ ಸಾಬಮ್ಮ ಕೂಗಿದಳು.

"ಆರು ಮಂದಿಗೆ ಹಿಡೀರಿ. ಸರಗ ಗೋಡಿಗೆ ಆನಕೊಳ್ಳೋ ಮೂಲಿ ಬಿಡ್ರಿ, ಅವರಿನ್ನಾ ಹೊಸಬರಿದ್ದಾರ."